ಮನೆಬಾಗಿಲಿನ ಹಾಲು: ಒಲೆಯ ಹೊಣೆ, ಕಾನೂನಿನ ಹೊಣೆ

ಹೊಸ ಮನೆಯನ್ನು ಹೊಕ್ಕ ದಿನ ನಮ್ಮ ತಾಯಂದಿರು ಮೊದಲು ಮಾಡುವ ಕೆಲಸ ಹಾಲುಕ್ಕಿಸುವುದು. ಒಲೆ ಹೊತ್ತಿಸಿ, ಪಾತ್ರೆಯಲ್ಲಿ ಹಾಲಿಟ್ಟು, ಅದು ಉಕ್ಕಿ ಬರುವವರೆಗೆ ಮನೆಮಂದಿಯೆಲ್ಲ ಕಾದು ನಿಲ್ಲುವರು. ಇದು ಸಮೃದ್ಧಿಯ ಸಂಕೇತವೆಂಬುದನ್ನು ಎಲ್ಲರೂ ಬಲ್ಲರು. ಆಚರಣೆಯ ಮೂಲವೇನೇ ಇರಲಿ, ಅದರೊಳಗೆ ಒಂದು ಗೃಹವಿವೇಕವೂ ಸೇರಿಕೊಂಡಿದೆ. ನಮ್ಮ ನಾಡಿನಲ್ಲಿ ಹಾಲು ಎಂದರೆ ಕಾಯಿಸಿದ ಹಾಲು. ಕೊಟ್ಟಿಗೆಯಿಂದ ಬಂದದ್ದು ಒಲೆಯನ್ನು ಹಾಯ್ದ ಮೇಲೆಯೇ ಮಗುವಿನ ಬಟ್ಟಲನ್ನು ಸೇರಬೇಕೆಂಬುದು ಯಾವ ಸರಕಾರವೂ ವಿಧಿಸದೆ ನಡೆದುಬಂದ ಕಟ್ಟಳೆ.

ಈ ಕಟ್ಟಳೆಯ ಕುರಿತು ಬರೆಯಬೇಕಾದ ಪ್ರಸಂಗ ಈಗ ಒದಗಿದೆ. ದನ ಸಾಕುವವರು ತಮ್ಮ ಹಸಿ ಹಾಲನ್ನು ನೇರವಾಗಿ ಮನೆಗಳಿಗೆ ಮಾರುವುದನ್ನು ಕಾನೂನು ಕಟ್ಟುಪಡಿಸಬೇಕೇ ಎಂಬ ವಿಚಾರದಲ್ಲಿ ಮೂರು ಬಗೆಯ ಮಾತುಗಳು ಕೇಳಿಬರುತ್ತಿವೆ. ಬಿಡಿ ಹಾಲನ್ನು ನಂಬಲಾಗದು, ಅದನ್ನು ನಿಲ್ಲಿಸಿ ಪೊಟ್ಟಣದ ಹಾಲನ್ನೇ ಉಳಿಸಬೇಕು ಎನ್ನುವವರು ಕೆಲವರು. ರೈತನಿಗೂ ಗಿರಾಕಿಗೂ ನಡುವೆ ಸರಕಾರಕ್ಕೇನು ಕೆಲಸ ಎನ್ನುವವರು ಇನ್ನು ಕೆಲವರು. ಮೂರನೆಯ ಗುಂಪು ಹೊಸದು. ಕಾಯಿಸಿದರೆ ಹಾಲಿನ ಸತ್ತ್ವ ಹೋಗುತ್ತದೆ, ಹಸಿಯಾಗಿಯೇ ಕುಡಿಯಿರಿ ಎಂದು ಅದು ಉಪದೇಶಿಸುತ್ತದೆ. ಈ ಮೂರೂ ಮಾತುಗಳು ಒಂದು ಮುಖ್ಯ ಭೇದವನ್ನು ಮರೆತಿವೆ ಎಂಬುದು ನನ್ನ ಅಭಿಪ್ರಾಯ. ಹಾಲಿನ ದೋಷಗಳಲ್ಲಿ ಕುದಿಸಿದರೆ ಹೋಗುವವು ಕೆಲವು, ಕುದಿಸಿದರೂ ಹೋಗದವು ಕೆಲವು. ಮೊದಲನೆಯವು ಒಲೆಯ ಹೊಣೆ. ಎರಡನೆಯವು ಕಾನೂನಿನ ಹೊಣೆ. ಈ ಭೇದವನ್ನು ಹಿಡಿದು ನಡೆದರೆ ದಾರಿ ತಾನಾಗಿ ತಿಳಿಯಾಗುತ್ತದೆ.

ಮಾಲ್ಟಾ ದ್ವೀಪದ ಪಾಠ

‘ನಮ್ಮ ಕಣ್ಣೆದುರೇ ಕರೆದುಕೊಟ್ಟ ಹಾಲು, ಇದರಲ್ಲಿ ಸಂಶಯವೇಕೆ?’ ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ಇದಕ್ಕೆ ಉತ್ತರ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ಎಂಬ ಪುಟ್ಟ ದ್ವೀಪದ ಚರಿತ್ರೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅವರ ಸೈನ್ಯ ಅಲ್ಲಿ ನೆಲೆಸಿತ್ತು. ಅಲ್ಲಿಯ ಹಾಲಿನವರು ಮೇಕೆಗಳ ಹಿಂಡನ್ನೇ ಬೀದಿಬೀದಿಗೆ ಹೊಡೆದುಕೊಂಡು ಹೋಗಿ, ಗಿರಾಕಿಯ ಬಾಗಿಲಲ್ಲಿಯೇ, ಅವರದೇ ಪಾತ್ರೆಗೆ ಹಾಲು ಕರೆದುಕೊಡುತ್ತಿದ್ದರು. ನೀರು ಬೆರೆಸಲು ಆಸ್ಪದವೇ ಇರಲಿಲ್ಲ. ಆದರೂ ಊರಿನವರನ್ನೂ ಸೈನಿಕರನ್ನೂ ಒಂದು ವಿಚಿತ್ರ ಜ್ವರ ಕಾಡುತ್ತಿತ್ತು. ಅದು ಬಿಟ್ಟುಬಿಟ್ಟು ತಿಂಗಳುಗಟ್ಟಲೆ ಬರುವುದು, ಮೈಯೆಲ್ಲ ಬೆವರುವುದು, ಕೀಲುಗಳು ನೋಯುವುದು, ಮನುಷ್ಯ ಸೊರಗಿಹೋಗುವುದು. ಅದಕ್ಕೆ ಮಾಲ್ಟಾ ಜ್ವರವೆಂದೇ ಹೆಸರಾಯಿತು.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಈ ಜ್ವರದ ರೋಗಾಣುವನ್ನು ಕಂಡುಹಿಡಿದರು. ಆದರೆ ಅದು ಮನುಷ್ಯನನ್ನು ಹೇಗೆ ಸೇರುತ್ತದೆ ಎಂಬುದು ಮುಂದೆ ಹದಿನೆಂಟು ವರ್ಷ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಎಂಬ ವೈದ್ಯರು ಮೇಕೆಗಳ ರಕ್ತವನ್ನು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ನೋಡಲು ದಷ್ಟಪುಷ್ಟವಾಗಿದ್ದ ಮೇಕೆಗಳಲ್ಲಿಯೇ ರೋಗಾಣು ಮನೆಮಾಡಿತ್ತು. ಅದು ಹಾಲಿನಲ್ಲಿ ಇಳಿದು ಬರುತ್ತಿತ್ತು. 1906ರಲ್ಲಿ ಸೈನ್ಯದವರಿಗೆ ಹಸಿ ಮೇಕೆಹಾಲನ್ನು ನಿಲ್ಲಿಸಲಾಯಿತು. ಒಂದೆರಡು ವರ್ಷಗಳಲ್ಲಿ ಅವರಲ್ಲಿ ಜ್ವರ ಬಹುಮಟ್ಟಿಗೆ ಇಲ್ಲವಾಯಿತು. ಊರಿನ ಜನರಾದರೋ ತಮ್ಮ ರೂಢಿಯನ್ನು ಬಿಡಲಿಲ್ಲ. ಅಲ್ಲಿ 1938ರಲ್ಲಿ ಹಾಲನ್ನು ಪಾಶ್ಚರೀಕರಿಸುವ ವ್ಯವಸ್ಥೆ ಆರಂಭವಾಗುವವರೆಗೂ ಅವರಿಗೆ ಆ ಕಾಟ ತಪ್ಪಲಿಲ್ಲ.

ಈ ಚರಿತ್ರೆಯಿಂದ ಕಲಿಯಬೇಕಾದುದು ಬಹಳ. ಹಾಲು ಕಲಬೆರಕೆಯಿಲ್ಲದ್ದಾಗಿರುವುದು ಒಂದು, ನಿರಪಾಯಕಾರಿಯಾಗಿರುವುದು ಇನ್ನೊಂದು. ಮಾಲ್ಟಾದ ಹಾಲಿನವನು ಮೋಸಗಾರನಲ್ಲ. ತನ್ನ ಮೇಕೆಗೆ ರೋಗವಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಕೊಳ್ಳುವವರ ನಂಬಿಕೆಯೂ ಪ್ರಾಮಾಣಿಕವಾದುದೇ. ಇಬ್ಬರೂ ಒಳ್ಳೆಯವರಾಗಿದ್ದರೂ ಮಗು ಹಾಸಿಗೆ ಹಿಡಿಯಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆಗೆ, ಹಾಲಾಗಿರುವುದೆಲ್ಲ ಅಮೃತವಲ್ಲ ಎಂದೂ ಸೇರಿಸಿಕೊಳ್ಳಬೇಕಾಗಿದೆ.

ಆ ರೋಗಾಣುವಿಗೆ ಬ್ರೂಸ್ ಅವರ ಹೆಸರಿನಿಂದಲೇ ಬ್ರುಸೆಲ್ಲಾ ಎಂಬ ಹೆಸರು ಬಂದಿತು. ನಮ್ಮ ದನ ಎಮ್ಮೆಗಳಲ್ಲಿ ಗರ್ಭ ನಿಲ್ಲದೆ ಕಂದು ಹಾಕುವ ರೋಗ ಇದರಿಂದಲೇ ಬರುವುದು. ಹಳ್ಳಿಗಳಲ್ಲಿ ಇದಕ್ಕೆ ಕಂದು ರೋಗವೆನ್ನುವರು. ಇದು ದೂರದ ದ್ವೀಪದ ಕಥೆಯಲ್ಲ, ನಮ್ಮ ಕೊಟ್ಟಿಗೆಯ ಕಥೆಯೇ ಆಗಿದೆ.

ಕುದಿಸಿದರೆ ಹೋಗುವವು

ಹಾಲಿಗೆ ರೋಗಾಣುಗಳು ಸೇರುವ ದಾರಿಗಳು ಹಲವು. ರಾಸಿಗೆ ಕಂದು ರೋಗವೋ ಕ್ಷಯವೋ ಇದ್ದರೆ ಅವು ಒಳಗಿನಿಂದಲೇ ಬರಬಹುದು. ಕೆಚ್ಚಲು ಬಾವು ಆಗಿದ್ದರೆ ಕೆಚ್ಚಲಿನಿಂದ ಬರುವವು. ಎಲ್ಲವೂ ಆರೋಗ್ಯವಾಗಿದ್ದರೂ ಬಾಲ ಬೀಸಿದಾಗ ಹಾರುವ ಸಗಣಿಯ ಕಣ, ತೊಳೆಯದ ಕೈ, ಅಂಚಿನಲ್ಲಿ ಹಳೆಯ ಹಾಲು ಒಣಗಿ ನಿಂತ ಪಾತ್ರೆ, ಇವು ಸಾಕು. ಕರೆದ ಹಾಲು ಬೆಚ್ಚಗಿರುತ್ತದೆ. ಆ ಬೆಚ್ಚಗೆಯಲ್ಲಿ ಸೂಕ್ಷ್ಮಾಣುಗಳು ಗಂಟೆಗಂಟೆಗೂ ಹೆಚ್ಚುತ್ತವೆ. ನಮ್ಮ ಬೇಸಿಗೆಯಲ್ಲಿ ಬೆಳಗಿನ ಹಾಲು ಮಧ್ಯಾಹ್ನಕ್ಕೆ ಒಡೆಯುವುದು ಇದರಿಂದಲೇ.

ಕಾವು ಇವುಗಳಿಗೆ ಶತ್ರು. ಫ್ರಾನ್ಸಿನ ಲೂಯಿ ಪಾಶ್ಚರ್ ಅವರು 1860ರ ದಶಕದಲ್ಲಿ ದ್ರಾಕ್ಷಾರಸದ ಪಾನೀಯ ಕೆಡದಂತೆ ಮಾಡಲು ಹದವಾದ ಕಾವನ್ನು ಬಳಸಿದರು. ಆ ಕ್ರಮವನ್ನು ಮುಂದೆ ಹಾಲಿಗೂ ಅನ್ವಯಿಸಲಾಯಿತು. 63 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 30 ನಿಮಿಷ, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ಕೂಡಲೇ ತಣಿಸಿದರೆ ಹಾಲಿನಿಂದ ಹರಡುವ ರೋಗಾಣುಗಳು ನಾಶವಾಗುತ್ತವೆ. ಡೈರಿಗಳಲ್ಲಿ ನಡೆಯುವುದು ಇದೇ. ನಮ್ಮ ಒಲೆಯ ಮೇಲೆ ಹಾಲು ಕುದಿಯುವಾಗ ಇದಕ್ಕಿಂತ ಹೆಚ್ಚಿನ ಕಾವೇ ಸಿಗುವುದು.

ನಾನು ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಭಕ್ತರು ತಂಬಿಗೆಗಳಲ್ಲಿ, ಕೊಡಗಳಲ್ಲಿ ಹಾಲು ತರುತ್ತಿದ್ದರು. ಅಡುಗೆಮನೆಯ ಹಿರಿಯರು ಅದನ್ನೆಲ್ಲ ಒಮ್ಮೆಗೇ ಹಂಡೆಗೆ ಸುರಿಯುತ್ತಿರಲಿಲ್ಲ. ಪ್ರತಿಯೊಂದು ಪಾತ್ರೆಯಿಂದಲೂ ಒಂದು ಸೌಟು ಹಾಲನ್ನು ಬೇರೆಯಾಗಿ ಕಾಯಿಸಿ, ಒಡೆಯದಿದ್ದರೆ ಮಾತ್ರ ಉಳಿದುದರೊಡನೆ ಕೂಡಿಸುತ್ತಿದ್ದರು. ಡೈರಿಗಳಲ್ಲಿಯೂ ಇದೇ ಪರೀಕ್ಷೆ ಬಳಕೆಯಲ್ಲಿರುವುದನ್ನು ಅನಂತರದಲ್ಲಿ ತಿಳಿದೆ. ಅಕ್ಷರ ಬಲ್ಲದ ಆ ಹಿರಿಯರ ಅನುಭವ ಶಾಸ್ತ್ರಕ್ಕೆ ಹೊರತಾಗಿರಲಿಲ್ಲ.

ಪಶ್ಚಿಮ ದೇಶಗಳಲ್ಲಿ ಹಸಿ ಹಾಲಿನ ಮೇಲೆ ಕಾನೂನು ಕಠಿಣವಾಗಿರುವುದೇಕೆ ಎಂಬುದೂ ಇಲ್ಲಿಯೇ ತಿಳಿಯುವುದು. ಅಲ್ಲಿಯವರು ಹಾಲನ್ನು ಕಾಯಿಸದೆ ತಣ್ಣಗೆ ಕುಡಿಯುವ ರೂಢಿಯವರು. ಒಲೆ ಮಾಡಬೇಕಾದ ಕೆಲಸವನ್ನು ಅಲ್ಲಿ ಕಾರಖಾನೆ ಮಾಡಬೇಕಾಯಿತು. ನ್ಯೂಯಾರ್ಕ್ ನಗರದಲ್ಲಿ ನಾಥನ್ ಸ್ಟ್ರಾಸ್ ಎಂಬ ವರ್ತಕರು 1893ರಲ್ಲಿ ಬಡ ಮಕ್ಕಳಿಗಾಗಿ ಪಾಶ್ಚರೀಕರಿಸಿದ ಹಾಲಿನ ಕೇಂದ್ರಗಳನ್ನು ತೆರೆದರು. 1908ರಲ್ಲಿ ಶಿಕಾಗೊ ನಗರ ಪಾಶ್ಚರೀಕರಣವನ್ನು ಕಡ್ಡಾಯಗೊಳಿಸುವ ಕಾನೂನು ತಂದಿತು. ಕುಡಿಯುವ ಹಸಿ ಹಾಲನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ಅಮೆರಿಕದ ಕೇಂದ್ರ ಸರಕಾರ 1987ರಲ್ಲಿ ನಿಷೇಧಿಸಿತು. ರಾಜ್ಯದೊಳಗಿನ ಮಾರಾಟದ ತೀರ್ಮಾನ ಆಯಾ ರಾಜ್ಯಗಳದು. ಸ್ಕಾಟ್ಲೆಂಡ್ 1983ರಲ್ಲಿಯೇ ಹಸಿ ಹಾಲಿನ ಮಾರಾಟವನ್ನು ನಿಲ್ಲಿಸಿತು. ನೆರೆಯ ಇಂಗ್ಲೆಂಡಿನಲ್ಲಾದರೋ ರೈತ ತಾನೇ ನೇರವಾಗಿ ಕುಡಿಯುವವರಿಗೆ ಮಾರಬಹುದು, ಅಂಗಡಿಯಲ್ಲಿ ಮಾರುವಂತಿಲ್ಲ. ಇದು ಕಾಯಿಸದ ಹಾಲು, ಇದರಿಂದ ಅಪಾಯವಾಗಬಹುದು ಎಂಬ ಎಚ್ಚರಿಕೆಯೂ ಜೊತೆಗಿರಬೇಕು.

ಜರ್ಮನಿಯ ನಿಯಮ ನಮಗೆ ಹೆಚ್ಚು ಹತ್ತಿರವಾದುದು. ಅಲ್ಲಿ ರೈತ ತನ್ನ ಹಟ್ಟಿಯಲ್ಲಿಯೇ ಆ ದಿನದ ಅಥವಾ ಹಿಂದಿನ ದಿನದ ಹಾಲನ್ನು ಮಾರಬಹುದು. ಆದರೆ ಕುಡಿಯುವ ಮುನ್ನ ಕುದಿಸಬೇಕೆಂಬ ಫಲಕ ಕಣ್ಣಿಗೆ ಬೀಳುವಂತೆ ಇರಬೇಕು. ಇಟಲಿಯಲ್ಲಿಯೂ ಹಸಿ ಹಾಲು ಮಾರುವ ಯಂತ್ರಗಳ ಮೇಲೆ ಇಂಥದೇ ಸೂಚನೆ ಇರಬೇಕೆಂದು 2008ರ ಕೊನೆಯಲ್ಲಿ ಆಜ್ಞೆಯಾಯಿತು. ನಮ್ಮ ಅಜ್ಜಿಯರು ಹೇಳದೆಯೇ ಮಾಡುತ್ತಿದ್ದುದನ್ನು ಆ ದೇಶಗಳು ಫಲಕ ಬರೆದು ಹೇಳಬೇಕಾಗಿ ಬಂದಿತು. ಇದು ನಾವು ಬೀಗುವುದಕ್ಕಾಗಿ ಹೇಳುವ ಮಾತಲ್ಲ. ಇರುವುದನ್ನು ಕಳೆದುಕೊಳ್ಳಬಾರದೆಂಬ ಎಚ್ಚರಕ್ಕಾಗಿ.

ಹಸಿಯಾಗಿ ಕುಡಿಯುವ ಗೀಳು

ಕಳೆದುಕೊಳ್ಳುವ ಸೂಚನೆಗಳು ಕಾಣಿಸತೊಡಗಿವೆ. ನಗರಗಳಲ್ಲಿ ಗಾಜಿನ ಸೀಸೆಗಳಲ್ಲಿ ಹಸಿ ಹಾಲು ಹೆಚ್ಚಿನ ಬೆಲೆಗೆ ಮನೆಮನೆಗೆ ಬರುತ್ತಿದೆ. ಶುದ್ಧ, ತಾಜಾ, ನಾಟಿ ಹಸುವಿನದು ಎಂಬ ಹೊಗಳಿಕೆಯ ನಡುವೆ ಕುದಿಸಿರಿ ಎಂಬ ಮಾತು ಕೆಲವೊಮ್ಮೆ ಮರೆಯಾಗುತ್ತದೆ. ಕಾಯಿಸಿದರೆ ಹಾಲು ನಿಸ್ಸತ್ತ್ವವಾಗುತ್ತದೆ ಎಂಬ ವಾದವನ್ನು ಪರಿಶೀಲಿಸೋಣ. ಕುದಿಸುವುದರಿಂದ ‘ಸಿ’ ಜೀವಸತ್ತ್ವವೂ ‘ಬಿ’ ಗುಂಪಿನ ಕೆಲವು ಜೀವಸತ್ತ್ವಗಳೂ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ನಾವು ಹಾಲನ್ನು ಕುಡಿಯುವುದು ಮುಖ್ಯವಾಗಿ ಅದರ ಪ್ರೋಟೀನು, ಸುಣ್ಣದ ಅಂಶ, ಕೊಬ್ಬುಗಳಿಗಾಗಿ. ಅವು ಕುದಿತದಿಂದ ನಮಗೆ ದೊರೆಯದೆ ಹೋಗುವುದಿಲ್ಲ. ‘ಸಿ’ ಜೀವಸತ್ತ್ವವಾದರೋ ಒಂದು ನೆಲ್ಲಿಕಾಯಿಯಲ್ಲಿಯೋ ನಿಂಬೆಯಲ್ಲಿಯೋ ಸುಲಭವಾಗಿ ಸಿಗುವುದು. ಹಸು ನಾಟಿಯದೋ ಸೀಮೆಯದೋ ಎಂಬುದಕ್ಕೂ ರೋಗಾಣುವಿಗೂ ಸಂಬಂಧವಿಲ್ಲ. ಕಂದು ರೋಗ ತಳಿಯನ್ನು ಕೇಳಿ ಬರುವುದಿಲ್ಲ.

ನಮ್ಮ ಹಿರಿಯರು ಕೆಚ್ಚಲಿನಿಂದಲೇ ನೊರೆಹಾಲು ಕುಡಿದು ಗಟ್ಟಿಮುಟ್ಟಾಗಿರಲಿಲ್ಲವೇ ಎಂದು ಕೇಳಬಹುದು. ಕುಡಿದು ಬದುಕಿದವರು ಆ ಕಥೆಯನ್ನು ಹೇಳಲು ಉಳಿದರು. ಕಾರಣ ತಿಳಿಯದ ಜ್ವರದಿಂದ, ಭೇದಿಯಿಂದ ಎಳವೆಯಲ್ಲಿಯೇ ತೀರಿಕೊಂಡ ಮಕ್ಕಳ ಕಥೆಯನ್ನು ಹೇಳುವವರಿಲ್ಲ. ಹಸಿ ಹಾಲಿನಲ್ಲಿ ಬರಬಹುದಾದ ಈ. ಕೋಲಿಯ ಒಂದು ಬಗೆ ಮಕ್ಕಳ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ಲಿಸ್ಟೀರಿಯಾ ಎಂಬುದು ಗರ್ಭಿಣಿಯರಿಗೆ ಗರ್ಭಪಾತವನ್ನುಂಟುಮಾಡಬಲ್ಲದು. ಹೊಸ ಅಪಾಯಗಳೂ ಉಂಟು. 2024ರ ಮಾರ್ಚಿನಲ್ಲಿ ಅಮೆರಿಕದ ಹಾಲು ಕೊಡುವ ಹಸುಗಳಲ್ಲಿ ಹಕ್ಕಿಜ್ವರದ ವೈರಾಣು ಇರುವುದು ಖಚಿತವಾಯಿತು. ಸೋಂಕಿದ ಹಸುಗಳ ಹಸಿ ಹಾಲಿನಲ್ಲಿ ಅದು ಹೇರಳವಾಗಿ ಕಂಡುಬಂದಿತು, ಪಾಶ್ಚರೀಕರಣ ಅದನ್ನು ನಿಷ್ಕ್ರಿಯಗೊಳಿಸಿತು. ಹತ್ತು ಸಲ ಕುಡಿದು ಏನೂ ಆಗದಿದ್ದುದು ಹನ್ನೊಂದನೆಯ ಸಲಕ್ಕೆ ಪ್ರಮಾಣವಾಗಲಾರದು.

ತೀರ್ಥದ ವಿಷಯವಾಗಿಯೂ ಒಂದು ಮಾತು ಸಲ್ಲಬೇಕು. ಅಭಿಷೇಕಕ್ಕೆ ಬಳಸಿದ ಹಸಿ ಹಾಲನ್ನು, ಪಂಚಾಮೃತವನ್ನು ಮಕ್ಕಳಿಗೂ ಬಸುರಿಯರಿಗೂ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಸೇವಿಸುವುದಕ್ಕೆಂದು ಇರುವ ಹಾಲನ್ನು ಕಾಯಿಸಿ ಆರಿಸಿ ಬಳಸಿದರೆ ಭಕ್ತಿಗೆ ಯಾವ ಕೊರತೆಯೂ ಬಾರದು.

ಕುದಿಸಿದರೂ ಹೋಗದವು

ಇನ್ನು ಎರಡನೆಯ ಬಗೆ. ಕೆಚ್ಚಲು ಬಾವಿಗೋ ಬೇರೆ ರೋಗಕ್ಕೋ ರಾಸಿಗೆ ಪ್ರತಿಜೀವಕ ಔಷಧಿ ಕೊಡಿಸಿದಾಗ ಅದರ ಅಂಶ ಕೆಲವು ದಿನ ಹಾಲಿನಲ್ಲಿ ಇಳಿಯುತ್ತಿರುತ್ತದೆ. ಅಷ್ಟು ದಿನ ಆ ಹಾಲನ್ನು ಮಾರಬಾರದು. ಎಷ್ಟು ದಿನವೆಂಬುದನ್ನು ಪಶುವೈದ್ಯರು ಹೇಳುವರು, ಔಷಧಿಯ ಡಬ್ಬಿಯ ಮೇಲೆಯೂ ಬರೆದಿರುವುದು. ಕುದಿಸಿದರೂ ಈ ಅಂಶ ಬಹುಮಟ್ಟಿಗೆ ಉಳಿಯುತ್ತದೆ. ಒಗ್ಗದವರಿಗೆ ಅದರಿಂದ ಮೈ ದದ್ದೇಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ರೋಗಾಣುಗಳು ಔಷಧಿಗೆ ಬಗ್ಗದಂತಾಗುವುದು ಸಮಾಜಕ್ಕೆಲ್ಲ ಕೇಡು. ಚೆನ್ನಾಗಿ ಕಾಯಿಸಿ ಹದವಾಗಿ ಹೆಪ್ಪು ಹಾಕಿದರೂ ಮೊಸರು ಕೂಡದಿದ್ದರೆ ಅದಕ್ಕೆ ಕಾರಣಗಳು ಹಲವಿರಬಹುದು. ಹಾಲಿನಲ್ಲಿ ಉಳಿದ ಔಷಧಿ ಅವುಗಳಲ್ಲೊಂದು. ಹೆಪ್ಪಿನ ಸೂಕ್ಷ್ಮಾಣುಗಳನ್ನೇ ಅದು ಕೊಲ್ಲುತ್ತದೆ.

ಇನ್ನೊಂದು, ಬೂಷ್ಟಿನ ವಿಷ. ತೇವದಲ್ಲಿ ಬಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ, ಮೆಕ್ಕೆಜೋಳಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು. ರಾಸು ಅದನ್ನು ತಿಂದರೆ ಅದರ ರೂಪಾಂತರ ಹಾಲಿನಲ್ಲಿ ಬರುತ್ತದೆ. ಅದು ಯಕೃತ್ತಿಗೆ ಹಾನಿಕರ, ಅರ್ಬುದ ರೋಗಕ್ಕೆ ಕಾರಣವಾಗಬಲ್ಲದು. ನಮ್ಮ ಒಲೆಯ ಕಾವಿಗೆ ಅದು ನಾಶವಾಗದು. ಮನುಷ್ಯರಿಗೆ ಬೇಡವಾದ ಕೆಟ್ಟ ಕಾಳನ್ನು ದನಕ್ಕೆ ಹಾಕುವ ನಮ್ಮ ರೂಢಿ ಸುತ್ತಿ ಬಳಸಿ ನಮ್ಮ ಮಕ್ಕಳ ಲೋಟಕ್ಕೇ ಮರಳುತ್ತದೆ.

ಮೂರನೆಯದು ಮನುಷ್ಯ ಬೆರೆಸುವುದು. ನೀರು ಬೆರೆಸಿದರೆ ಸತ್ತ್ವ ಕಡಿಮೆಯಾಗುವುದು. ಆ ನೀರು ಹೊಲಸಾಗಿದ್ದರೆ ರೋಗವೂ ಬರುವುದು. ನೀರನ್ನು ಮರೆಸಲು ಸಕ್ಕರೆ, ಉಪ್ಪು, ಹಿಟ್ಟು, ಯೂರಿಯಾ ಬೆರೆಸುವ ದುಷ್ಟತನವೂ ಉಂಟು.

ಸರಕಾರದ ಸಮೀಕ್ಷೆಗಳು ಇಲ್ಲಿ ಕಣ್ಣು ತೆರೆಸುವಂತಿವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2011ರಲ್ಲಿ ಪರೀಕ್ಷಿಸಿದ 1,791 ಮಾದರಿಗಳಲ್ಲಿ ನೂರಕ್ಕೆ 68.4ರಷ್ಟು ಗುಣಮಟ್ಟಕ್ಕೆ ಹೊಂದಲಿಲ್ಲವೆಂಬ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಅವುಗಳಲ್ಲಿ ಅನೇಕವು ನೀರು ಬೆರೆತ, ಸತ್ತ್ವ ಕಡಿಮೆಯಾದ ಹಾಲು ಎಂಬ ವಿವರ ಮಾತ್ರ ಅಷ್ಟಾಗಿ ಜನರನ್ನು ಮುಟ್ಟಲಿಲ್ಲ. 2018ರಲ್ಲಿ ಅದೇ ಪ್ರಾಧಿಕಾರ 1,103 ಊರುಗಳಿಂದ 6,432 ಮಾದರಿಗಳನ್ನು ತೆಗೆಸಿ ಪರೀಕ್ಷಿಸಿತು. ಆರೋಗ್ಯಕ್ಕೆ ಅಪಾಯವಾಗುವಂಥ ಕಲಬೆರಕೆ ಕಂಡುಬಂದುದು ಕೇವಲ 12 ಮಾದರಿಗಳಲ್ಲಿ. ಆದರೆ ಮಿತಿ ಮೀರಿದ ಅಫ್ಲಟಾಕ್ಸಿನ್ ನೂರಕ್ಕೆ 5.7 ಮಾದರಿಗಳಲ್ಲಿತ್ತು, ಪ್ರತಿಜೀವಕಗಳ ಅಂಶ ನೂರಕ್ಕೆ 1.2ರಲ್ಲಿ ಮಿತಿಯನ್ನು ಮೀರಿತ್ತು. ಈ ಬೂಷ್ಟಿನ ವಿಷ ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲಿಯೇ ಹೆಚ್ಚಾಗಿ ಕಂಡಿತು ಎಂಬುದು ಗಮನಾರ್ಹ. ಪೊಟ್ಟಣ ಕಟ್ಟಿದ ಮಾತ್ರಕ್ಕೆ ಹಿಂಡಿಯ ದೋಷ ಹೋಗುವುದಿಲ್ಲ. ನಾವು ಹೆದರುತ್ತಿದ್ದುದು ಹಾಲಿನವನ ಚೊಂಬಿನ ನೀರಿಗೆ. ನಿಜವಾಗಿ ಹೆದರಬೇಕಾದುದು ರಾಸಿನ ಮೇವಿನಲ್ಲಿ, ಔಷಧಿಯಲ್ಲಿ ಇತ್ತು.

ನಮ್ಮ ಕಾನೂನು

ನಮ್ಮಲ್ಲಿ ಹಸಿ ಹಾಲಿನ ಮಾರಾಟಕ್ಕೆ ನಿಷೇಧವಿಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಕಲಬೆರಕೆಯನ್ನು ಶಿಕ್ಷಿಸುತ್ತಿತ್ತು. 1992ರ ಹಾಲು ಮತ್ತು ಹಾಲಿನ ಉತ್ಪನ್ನಗಳ ಆದೇಶ ದಿನಕ್ಕೆ 10,000 ಲೀಟರಿಗೆ ಮೇಲ್ಪಟ್ಟ ದೊಡ್ಡ ಡೈರಿಗಳನ್ನು ಮಾತ್ರ ಹಿಡಿಯಿತು. ಇವೆರಡರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದಿತು. ಅದು ಪೂರ್ಣವಾಗಿ ಜಾರಿಯಾದುದು 2011ರ ಆಗಸ್ಟಿನಲ್ಲಿ. ರೈತನಿಗೂ ಅವನ ಕೃಷಿಕಾರ್ಯಕ್ಕೂ ಕಾಯಿದೆ ಅನ್ವಯಿಸುವುದಿಲ್ಲವೆಂದು ಅದರ 18ನೆಯ ಪ್ರಕರಣ ಹೇಳುತ್ತದೆ. ಆದರೆ 2011ರ ನಿಯಮಗಳು ಹಾಲಿನ ವಿಷಯದಲ್ಲಿ ಬೇರೊಂದು ವ್ಯವಸ್ಥೆ ಮಾಡಿದವು. ಸಹಕಾರ ಸಂಘದ ಸದಸ್ಯನಾಗಿದ್ದು ತನ್ನ ಹಾಲನ್ನೆಲ್ಲ ಸಂಘಕ್ಕೇ ಹಾಕುವ ಉತ್ಪಾದಕನಿಗೆ ನೋಂದಣಿ ಬೇಕಿಲ್ಲ. ದಿನಕ್ಕೆ 500 ಲೀಟರಿನವರೆಗೆ ಹಾಲು ಸಂಗ್ರಹಿಸಿ ಮಾರುವ ಸಣ್ಣ ವ್ಯಾಪಾರಿಗೆ ಪರವಾನಗಿಯ ಬದಲು ಸರಳವಾದ ನೋಂದಣಿ ಸಾಕು.

ಕಾಗದದ ಮೇಲೆ ಇದು ಕ್ರೂರವಾದ ಕಾನೂನಲ್ಲ. ಆದರೆ ಎರಡು ಎಮ್ಮೆ ಕಟ್ಟಿಕೊಂಡು ನಾಲ್ಕು ಮನೆಗೆ ವರ್ತನೆಯ ಹಾಲು ಹಾಕುವ ಹೆಣ್ಣುಮಗಳಿಗೆ ಇಂಥದೊಂದು ನಿಯಮ ಇರುವುದೇ ತಿಳಿದಿಲ್ಲ. ತಿಳಿಸಿಕೊಡುವವರೂ ಇಲ್ಲ. ತಿಳಿದವರು ಬರುವುದು ದಂಡದ ಮಾತಾಡಲು. ಈ ಸ್ಥಿತಿಯಲ್ಲಿ ನಿಯಮವನ್ನು ಬಿಗಿಗೊಳಿಸಿದರೆ ಹಾಲು ಶುದ್ಧವಾಗುವುದಿಲ್ಲ. ಹಾಲಿನಾಕೆ ಮಾತ್ರ ಮರೆಯಾಗುತ್ತಾಳೆ.

ನಿಷೇಧ ಬೇಡ, ನಿಯಮ ಬೇಕು

ನಿಷೇಧ ಏಕೆ ಸಲ್ಲದು? ಕರ್ನಾಟಕದಲ್ಲಿ ಹಾಲು ಉತ್ಪಾದಕರ ಸಹಕಾರ ಚಳವಳಿ 1974ರಿಂದೀಚೆಗೆ ವಿಸ್ತಾರವಾಗಿ ಬೆಳೆದಿದೆ. ಅದು ಹಳ್ಳಿಯ ಲಕ್ಷಾಂತರ ಮನೆಗಳಿಗೆ ಆಸರೆಯಾಗಿದೆ. ಆದರೂ ಸಂಘವಿಲ್ಲದ ಊರುಗಳು, ಹಾಲಿನ ವಾಹನ ಬಾರದ ತೋಟದ ಮನೆಗಳು, ಪೇಟೆಯಂಚಿನ ಗೌಳಿಗರು ಇದ್ದಾರೆ. ಜಮೀನಿಲ್ಲದ ವಿಧವೆಗೆ ಒಂದು ಎಮ್ಮೆಯೇ ಹೊಲ, ಅದೇ ಮಗನ ಶಾಲೆಯ ಖರ್ಚು. ನೇರವಾಗಿ ಮಾರಿದರೆ ಆಕೆಗೆ ನಾಲ್ಕು ಕಾಸು ಹೆಚ್ಚು ಸಿಗುವುದು. ಹಾಲನ್ನು ಕಾಯಿಸುವ ರೂಢಿ ಉಳಿದಿರುವ ಸಮಾಜದಲ್ಲಿ ಆಕೆಯ ಬಾಗಿಲನ್ನು ಮುಚ್ಚಿಸುವುದಕ್ಕೆ ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ.

ಹಾಗೆಂದು ಸರಕಾರ ಕೈಕಟ್ಟಿ ಕೂಡುವಂತಿಲ್ಲ. ಒಲೆ ಮಾಡಲಾರದ ಕೆಲಸವನ್ನು ಅದು ಮಾಡಲೇಬೇಕು. ಮೊದಲನೆಯದಾಗಿ, ರಾಸುಗಳ ಆರೋಗ್ಯ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕಿಸುವ ಏರ್ಪಾಡಿದೆ. ಹಾಲು ಮಾರುವ ಮನೆಯ ಕರುಗಳಿಗೆ ಈ ಲಸಿಕೆ ತಪ್ಪಬಾರದು. ಎರಡನೆಯದಾಗಿ, ಹಿಂಡಿ ಮತ್ತು ಪಶುಆಹಾರದ ಪರೀಕ್ಷೆ ಹಿಂಡಿ ಮಾರುವ ಅಂಗಡಿಯಲ್ಲಿಯೇ ನಡೆಯಬೇಕು; ಕೊಂಡು ಹಾಕುವ ಬಡವಳನ್ನು ಹಿಡಿದು ಫಲವಿಲ್ಲ. ಮೂರನೆಯದಾಗಿ, ಔಷಧಿ ಕೊಟ್ಟ ಪಶುವೈದ್ಯರು ಇಷ್ಟು ದಿನ ಹಾಲು ಮಾರಬೇಡ ಎಂದು ಕನ್ನಡದಲ್ಲಿ ಬರೆದುಕೊಡಬೇಕು. ಆ ದಿನಗಳ ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಡುವ ಏರ್ಪಾಡಿದ್ದರೆ ನಿಯಮ ತಾನಾಗಿ ಪಾಲನೆಯಾಗುವುದು. ನಾಲ್ಕನೆಯದಾಗಿ, ನೋಂದಣಿ ಊರಿನ ಪಂಚಾಯಿತಿಯಲ್ಲಿಯೇ, ಒಂದೇ ಹಾಳೆಯಲ್ಲಿ ಆಗಬೇಕು. ಐದನೆಯದಾಗಿ, ಹಸಿ ಹಾಲನ್ನು ಸೀಸೆಯಲ್ಲಿ ತುಂಬಿ ಮಾರುವ ಪ್ರತಿಯೊಬ್ಬರೂ ಕುದಿಸಿ ಕುಡಿಯಿರಿ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು; ಹಸಿಯಾಗಿ ಕುಡಿಯಿರೆಂದು ಪ್ರಚಾರ ಮಾಡುವವರನ್ನು ತಡೆಯಬೇಕು.

ಕೊಳ್ಳುವವರ ಧರ್ಮ

ಹೊಣೆಯೆಲ್ಲ ಮಾರುವವರ ಮೇಲೆ, ಸರಕಾರದ ಮೇಲೆ ಹೊರಿಸಿ ನಾವು ಸುಮ್ಮನಿರಲಾಗದು. ಹಾಲಿಗೆ ನೀರು ಏಕೆ ಬೀಳುತ್ತದೆ? ಸಹಕಾರ ಸಂಘ ಹಾಲಿನ ಕೊಬ್ಬು ಮತ್ತು ಇತರ ಘನಾಂಶಗಳನ್ನು ಅಳೆದು ಬೆಲೆ ಕೊಡುತ್ತದೆ. ಅಲ್ಲಿ ನೀರಿಗೆ ಬೆಲೆಯಿಲ್ಲ. ನಾವಾದರೋ ಲೀಟರಿನ ಲೆಕ್ಕದಲ್ಲಿ ಕೊಳ್ಳುತ್ತೇವೆ. ಹಿಂಡಿಯ ಬೆಲೆ ಏರಿದಾಗಲೂ ಹಾಲಿನ ಬೆಲೆ ಏರಬಾರದೆಂದು ಹಟ ಹಿಡಿಯುತ್ತೇವೆ. ಚೌಕಾಸಿಯಿಂದ ನಾವು ಉಳಿಸಿದ ಎರಡು ರೂಪಾಯಿ ನೀರಿನ ರೂಪದಲ್ಲಿ ನಮ್ಮ ಪಾತ್ರೆಗೇ ಬೀಳುತ್ತದೆ. ನ್ಯಾಯವಾದ ಬೆಲೆ ಕೊಡದವನಿಗೆ ಸತ್ಯಶುದ್ಧ ಕಾಯಕವನ್ನು ಇನ್ನೊಬ್ಬರಿಂದ ಬಯಸುವ ಅಧಿಕಾರವಿಲ್ಲ.

ಮನೆಯಲ್ಲಿ ಮಾಡಬೇಕಾದ ಕೆಲವು ಕೆಲಸಗಳನ್ನು ತಾಯಂದಿರ, ಗೃಹಸ್ಥರ ಗಮನಕ್ಕೆ ತರುತ್ತೇನೆ. ಹಾಲು ಬಂದೊಡನೆ ಕಾಯಿಸಬೇಕು. ಹಾಲು ಉಕ್ಕಿದ ಮಾತ್ರಕ್ಕೆ ಒಳಗೆಲ್ಲ ಕುದಿಯಿತೆಂದು ಭಾವಿಸಬಾರದು. ಕೆನೆಯ ಪರೆ ಆವಿಯನ್ನು ತಡೆಯುವುದರಿಂದ ಅದು ಬೇಗನೆ ಮೇಲೇರುತ್ತದೆ. ಉರಿ ತಗ್ಗಿಸಿ, ಸೌಟಿನಿಂದ ತಿರುವುತ್ತ ಇನ್ನೂ ಎರಡು ಮೂರು ನಿಮಿಷ ಕುದಿಸಬೇಕು. ಅನಂತರ ಮುಚ್ಚಿ, ಬೇಗನೆ ಆರಿಸಿ, ತಂಪಾದೆಡೆ ಇಡಬೇಕು. ಮತ್ತೆ ಮತ್ತೆ ಕುದಿಸುವುದರಿಂದ ಸತ್ತ್ವ ಕುಂದುವುದು. ಕಾಯಿಸಿದ ಹಾಲಿಗೆ ಹಸಿ ಹಾಲಿನ ಸೌಟನ್ನು ಹಾಕಬಾರದು.

ನೀರಿನ ಸಂಶಯವಿದ್ದರೆ ನುಣುಪಾದ, ಇಳಿಜಾರಾದ ತಟ್ಟೆಯ ಮೇಲೆ ಒಂದು ಹನಿ ಬಿಡಿರಿ. ಒಳ್ಳೆಯ ಹಾಲು ನಿಧಾನವಾಗಿ ಇಳಿದು ಹಿಂದೆ ಬಿಳಿಯ ಗೆರೆ ಉಳಿಸುವುದು. ನೀರು ಹಾಲು ಗುರುತಿಲ್ಲದಂತೆ ಹರಿದುಹೋಗುವುದು. ಹಿಟ್ಟಿನ ಸಂಶಯವಿದ್ದರೆ ಸ್ವಲ್ಪ ಹಾಲನ್ನು ಕಾಯಿಸಿ ಆರಿಸಿ ಅಯೋಡಿನ್ ದ್ರಾವಣದ ಎರಡು ಹನಿ ಹಾಕಿದರೆ ನೀಲಿ ಬಣ್ಣ ತಿರುಗುವುದು. ಹಾಲುಮಾಪಕದ ಕೊಳವೆಯೊಂದನ್ನೇ ನಂಬಬಾರದು. ಕೆನೆ ತೆಗೆದರೆ ಅದರ ಅಂಕಿ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಮಾಡಿದವನ ಹಾಲು ಕೊಳವೆಯ ಮುಂದೆ ನಿರಪರಾಧಿಯಾಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಪರಿಚಯ. ನಿಮಗೆ ಹಾಲು ಹಾಕುವವರ ಕೊಟ್ಟಿಗೆಯನ್ನು ಒಮ್ಮೆ ಹೋಗಿ ನೋಡಿರಿ. ಕರುವಿಗೆ ಲಸಿಕೆ ಹಾಕಿಸಿದಿರಾ, ಎಮ್ಮೆ ಕಂದು ಹಾಕಿತ್ತೇ, ಈಚೆಗೆ ಔಷಧಿ ಕೊಡಿಸಿದಿರಾ ಎಂದು ಅಕ್ಕರೆಯಿಂದ ಕೇಳಿರಿ. ಕಂದು ಹಾಕಿದ ರಾಸಿನ ಮಾಸನ್ನು, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಅವರಿಗೂ ತಿಳಿಸಿರಿ. ಆ ರೋಗ ಮೊದಲು ಹಿಡಿಯುವುದು ದಿನವೂ ಕೊಟ್ಟಿಗೆಯಲ್ಲಿ ದುಡಿಯುವ ಅವರನ್ನೇ. ಔಷಧಿ ಕೊಡಿಸಿದ್ದೇವೆ, ಈ ನಾಲ್ಕು ದಿನ ಹಾಲು ಬೇಡ ಎಂದು ಆಕೆ ತಾನೇ ಹೇಳಿದರೆ, ಮರುದಿನವೇ ಬೇರೆಯವರನ್ನು ಗೊತ್ತುಮಾಡಿಕೊಳ್ಳಬೇಡಿರಿ. ಸಾಧ್ಯವಿದ್ದರೆ ಆ ನಾಲ್ಕು ದಿನದ ಹಣವನ್ನೂ ಕೊಡಿರಿ. ನಿಜ ಹೇಳಿದ್ದಕ್ಕೆ ನಷ್ಟವಾಗುವುದಿಲ್ಲವೆಂದು ಒಮ್ಮೆ ಆಕೆಗೆ ಮನವರಿಕೆಯಾದರೆ, ಯಾವ ಅಧಿಕಾರಿಯ ತಪಾಸಣೆಯೂ ಮಾಡಲಾರದ ಕಾವಲು ನಿಮ್ಮ ಮನೆಯ ಹಾಲಿಗೆ ದೊರೆಯುವುದು.